ರಂಪಿಗೆಯ ಹಿಡಿ

ಚರ್ಮದ ಕೆಲಸಕ್ಕೆ ಏನ್ ವಿದ್ಯೆ ಬೇಕು ಅನ್ನೋರ ಕೈಗೆ ಒಂದು ರಂಪಿಗೆ ಕೊಟ್ಟು ನೋಡಿ.

ರಂಪಿಗೆಯಲ್ಲಿ ಚರ್ಮವನ್ನು ಮುಂದಕ್ಕೆ ಒತ್ತಿ ಕೊಯ್ಯಬೇಕು. ಹಾಗಾಗಿ ಹಿಡಿಯ ಹಿಂತುದಿ ದುಂಡಗಿದ್ದು ಅಂಗೈಯಲ್ಲಿ ಕೂರಬೇಕು. ಮೂಲೆ ಉಳಿದರೆ ಸಂಜೆಗೆ ಬೊಬ್ಬೆ. ತೀರಾ ಸಣ್ಣದಾದರೆ ಬಿಗಿಹಿಡಿದೂ ಹಿಡಿದೂ ಮಣಿಕಟ್ಟು ನೋಯುತ್ತೆ. ನುಣುಪಾದರೆ ಬೆವರಿಗೆ ಜಾರುತ್ತೆ, ಅದಕ್ಕೇ ಚರ್ಮದ ಪಟ್ಟಿ ಸುತ್ತೋದು. ಬಾಯಿ ಮೊಂಡಾದರಂತೂ ಎಂಥ ಹಿಡಿ ಇದ್ದೂ ಸುಖವಿಲ್ಲ. ಕುಣಿಗಲ್ ಕಡೆ ಅಲಗು ಬಡಿದುಕೊಟ್ಟಿದ್ದು ಕಮ್ಮಾರ. ಹಿಡಿಯನ್ನು ತನ್ನ ಕೈಗೆ ತಕ್ಕಂತೆ ಕೆರೆದುಕೊಂಡಿದ್ದು ನಮ್ಮಜ್ಜ.

ಮಾದಾರ ಚೆನ್ನಯ್ಯನ ಅಂಕಿತ ನೋಡಿ. ದೇವರ ಹೆಸರಿನ ಜೊತೆಗೇ ಕೈಯುಳಿ, ಕತ್ತಿ ಎರಡೂ ಇವೆ. ಬಸವಣ್ಣ ಈ ಚೆನ್ನಯ್ಯನನ್ನು ಅಪ್ಪ ಎಂದು ಕರೆದ. ನಾನು ಬಿಎಯಲ್ಲಿ ಓದಿದ್ದು ಮಾತ್ರ ರಾಜರ ಕತ್ತಿ. ಈ ಕತ್ತಿ ಪರೀಕ್ಷೆಗೆ ಬರಲೇ ಇಲ್ಲ!

ಹತಾರ ಹಿತವಾಗಿತ್ತು ಅಂದ್ರೆ ಬದುಕು ಹಿತವಾಗಿತ್ತು ಅಂತಲ್ಲ. ಊರಿಗೆಲ್ಲ ಮೆಟ್ಟು ಹೊಲಿದವರೇ ಮೇಲ್ಜಾತಿ ಕೇರಿಯಲ್ಲಿ ಮೆಟ್ಟು ಕಳಚಿ ನಡೀಬೇಕಿತ್ತು. ಮಕ್ಕಳು ಆ ಕಸುಬಿಗೆ ವಾಪಸ್ ಹೋಗಲಿ ಅಂತ ನಾನು ಹೇಳ್ತಿಲ್ಲ.

ಆದ್ರೆ ತುಮಕೂರು, ಗುಬ್ಬಿ, ಕುಣಿಗಲ್ ಗೆಳೆಯರೇ, ಅಟ್ಟದ ಮೇಲೆ ಹಳೇ ರಂಪಿಗೆ ಇದ್ರೆ ಗುಜರಿಗೆ ಹಾಕಬೇಡಿ. ಹಿಡಿಯಲ್ಲಿ ಬೆರಳು ಸವೆಸಿದ ಗುರುತಿರುತ್ತೆ. ಫೋಟೋ ತೆಗೆದು, ಯಾರದ್ದು, ಯಾವೂರಿನದ್ದು ಅಂತ ಬರೆದು ಇಲ್ಲಿ ಹಾಕಿ.