ಹಳೆಯ ಲಾರಿಗೆ ಬೇರೆ ಇಂಜಿನ್: ರುಜು ಹಾಕದ ಕುಶಲಿಗಳ ಚರಿತ್ರೆ

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಗೊಂಡಿತು. ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳನ್ನು ಇಂದಿಗೂ ಓದಬಹುದು. ಹಳೇಬೀಡಿನ ಗೋಡೆಗಳಲ್ಲೂ ಇಂಥ ರುಜುಗಳಿವೆ. ಒಂಬೈನೂರು ವರ್ಷಗಳ ಹಿಂದಿನ ಕುಶಲಕರ್ಮಿಯ ಹೆಸರು ನಮಗೆ ಗೊತ್ತು. ಆದರೆ ಇದೇ ಬೇಲೂರು, ಹಳೇಬೀಡು, ಅರಸೀಕೆರೆ ರಸ್ತೆಯಲ್ಲಿ ಅರವತ್ತು ವರ್ಷಗಳ ಹಿಂದೆ ಲಾರಿಗಳನ್ನು ಓಡುವಂತೆ ಮಾಡಿದ ಮೇಸ್ತ್ರಿಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಆ ಕಾಲದಲ್ಲಿ ರೈಲು ಅರಸೀಕೆರೆಯವರೆಗೆ ಬರುತ್ತಿತ್ತು, ಹಳೇಬೀಡು ಬೇಲೂರುಗಳಿಗೆ ಬರುತ್ತಿರಲಿಲ್ಲ. ಉಳಿದ ದಾರಿಗೆ ಗಾಡಿ, ಆಮೇಲೆ ಲಾರಿ. ಮೊದಲ ಲಾರಿಗಳು ಷೆವ್ರೊಲೆ, ಬೆಡ್‌ಫೋರ್ಡ್, ಫಾರ್ಗೋ, ಡಾಡ್ಜ್ ಮುಂತಾದ ವಿದೇಶಿ ಹೆಸರಿನವು, ಹೆಚ್ಚಿನವು ಪೆಟ್ರೋಲಿನವು. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿತ್ತು. ದೇಶದಲ್ಲೇ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ಬರಿಯ ಜೋಡಣೆ ಮಾಡಬಾರದೆಂದು 1953ರಲ್ಲಿ ಸರಕಾರ ನಿರ್ಧರಿಸಿದಾಗ, 1954ರಲ್ಲಿ ಅದು ಬಾಗಿಲು ಹಾಕಿತು. ಲಾರಿಗಳು ಉಳಿದವು, ಬಿಡಿಭಾಗ ದುರ್ಲಭವಾದವು. ಅದೇ 1954ರಲ್ಲಿ ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿ ಜಮ್‌ಶೆಡ್‌ಪುರದಿಂದ ಹೊರಬಂತು. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪಿ-6 ಎಂಬ ಆರು ಸಿಲಿಂಡರಿನ, 4.7 ಲೀಟರಿನ ಡೀಸೆಲ್ ಇಂಜಿನನ್ನು ಇಲ್ಲಿಯೇ ತಯಾರಿಸತೊಡಗಿತು. ಡೀಸೆಲ್ ಅಗ್ಗ, ಮೈಲೇಜೂ ಹೆಚ್ಚು. ಹೊಸ ಲಾರಿ ಕೊಳ್ಳಲು ಹಣವಿಲ್ಲದ ಮಾಲೀಕನಿಗೆ ಉಳಿದ ದಾರಿ ಒಂದೇ: ಹಳೆಯ ಲಾರಿಗೆ ಡೀಸೆಲ್ ಇಂಜಿನ್ ಕೂರಿಸುವುದು.

ಕೂರಿಸುವುದು ಎಂದೆವು. ಕಷ್ಟವೆಲ್ಲ ಆ ಮಾತಿನಲ್ಲೇ ಇದೆ. ಬಾನೆಟ್ಟಿನೊಳಗೆ ಜಾಗ ಸಾಕಾದರೂ ಇಂಜಿನ್ನಿನ ಕಾಲುಗಳು, ಅಂದರೆ ಮೌಂಟಿಂಗುಗಳು, ಚಾಸಿಯ ತೂತುಗಳಿಗೆ ಹೊಂದುವುದಿಲ್ಲ. ಬಹಳ ಹಳೆಯ ಲಾರಿಗಳಲ್ಲಿ ಇಂಜಿನನ್ನು ನಾಲ್ಕು ಕಡೆ ಚಾಸಿಗೆ ಬಿಗಿಯಾಗಿ ಬೋಲ್ಟು ಮಾಡುತ್ತಿದ್ದರು. ಗುಂಡಿಬಿದ್ದ ರಸ್ತೆಯಲ್ಲಿ ಚಾಸಿ ತಿರುಚಿಕೊಂಡರೆ ಇಂಜಿನ್ನಿನ ಎರಕದ ಕಿವಿಯೇ ಮುರಿಯುತ್ತಿತ್ತು. ಹೀಗಾಗಿ ಮೂರು ಕಡೆ ಮಾತ್ರ ಹಿಡಿಯುವ ಕ್ರಮ ಬಂತು. ನಾಲ್ಕು ಕಾಲಿನ ಮಂಚ ಓರೆನೆಲದಲ್ಲಿ ಕುಣಿಯುತ್ತದೆ, ಮೂರು ಕಲ್ಲಿನ ಒಲೆ ಎಲ್ಲಿಟ್ಟರೂ ನಿಲ್ಲುತ್ತದೆ, ತತ್ವ ಇಷ್ಟೇ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಪ್ಲಿಮತ್ ಕಾರಿನಲ್ಲಿ ಮುಂದೆ ಎತ್ತರದಲ್ಲೊಂದು, ಹಿಂದೆ ತಗ್ಗಿನಲ್ಲೊಂದು ರಬ್ಬರ್ ಹಿಡಿತವಿಟ್ಟು, ಇಂಜಿನ್ ತನ್ನ ಭಾರದ ನಡುಗೆರೆಯ ಸುತ್ತಲೇ ಓಲಾಡುವಂತೆ ಮಾಡಿತು. ಹೀಗೆ ಒಂದೊಂದು ಕಂಪನಿಯದು ಒಂದೊಂದು ಬಗೆ. ಕೆಲವು ಇಂಜಿನ್ನುಗಳಿಗೆ ಆಸರೆ ಮುಂಭಾಗದ ನಡುವಿನಲ್ಲಿ, ಕೆಲವಕ್ಕೆ ಪಕ್ಕಗಳಲ್ಲಿ. ಹಿಂದಿನ ಆಸರೆ ಕೆಲವಕ್ಕೆ ಬೆಲ್ ಹೌಸಿಂಗಿನ ಇಕ್ಕೆಲದಲ್ಲಿ, ಕೆಲವಕ್ಕೆ ಗೇರ್‌ಬಾಕ್ಸಿನ ಬಾಲದಡಿಯಲ್ಲಿ.

ಇವನ್ನು ಹೊಂದಿಸಲು ಮೇಸ್ತ್ರಿ ಹೊಸ ಬ್ರಾಕೆಟ್ ಮಾಡಬೇಕು. ಚೈನ್ ಪುಲ್ಲಿಯಲ್ಲಿ ಇಂಜಿನನ್ನು ತೂಗುಬಿಟ್ಟು ಅದರ ಜಾಗ ಕಂಡುಕೊಳ್ಳಬೇಕು. ಮುಂದಕ್ಕೆ ಸರಿದರೆ ಫ್ಯಾನು ರೇಡಿಯೇಟರಿಗೆ ಬಡಿಯುತ್ತದೆ. ಹಿಂದಕ್ಕೆ ಸರಿದರೆ ಗೇರ್ ಲಿವರು ಜಾಗ ತಪ್ಪುತ್ತದೆ. ತಗ್ಗಿದರೆ, ಸ್ಪ್ರಿಂಗ್ ಕುಸಿದಾಗ ಆಯಿಲ್ ಸಂಪು ಮುಂದಿನ ಆಕ್ಸಲಿಗೆ ತಾಗುತ್ತದೆ. ಇಂಜಿನ್ನಿನ ಓರೆ ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಬೇಗ ಸವೆಯುತ್ತದೆ. ಡೀಸೆಲ್ಲಿನ ಒತ್ತಡ ಹೆಚ್ಚು, ನಡುಕವೂ ಹೆಚ್ಚು. ರಬ್ಬರು ಗಟ್ಟಿಯಾದರೆ ನಡುಕ ಚಾಸಿಗಿಳಿಯುತ್ತದೆ, ಮೆತ್ತಗಾದರೆ ಕ್ಲಚ್ ಬಿಟ್ಟಾಗ ಲಾರಿ ಜಗ್ಗುತ್ತದೆ. ಬ್ರಾಕೆಟ್ಟಿಗೆ ತೂತು ಕೊರೆಯಬೇಕಾದದ್ದು ಚಾಸಿಯ ನಿಂತ ಹಲಗೆಯಲ್ಲಿ. ಮೇಲಿನ ಕೆಳಗಿನ ಅಂಚಿನಲ್ಲಿ ಕೊರೆದರೆ ಭಾರ ಬಿದ್ದಾಗ ಅಲ್ಲಿಂದಲೇ ಬಿರುಕು. ಘಾಟಿಯಲ್ಲಿ ಬಿರುಕು ಬಿಟ್ಟರೆ ಅದು ಡ್ರೈವರ್, ಕ್ಲೀನರುಗಳ ಪ್ರಾಣದ ಪ್ರಶ್ನೆ. ಈ ಲೆಕ್ಕವೆಲ್ಲ ಯಾವ ಕಾಲೇಜಿನ ಪುಸ್ತಕದಿಂದಲೂ ಬಂದದ್ದಲ್ಲ. ಉಸ್ತಾದರ ಕೈಯಿಂದ ಶಿಷ್ಯರ ಕೈಗೆ, ಬೈಗುಳ ಮತ್ತು ಚಹಾದ ಜೊತೆ ಬಂದದ್ದು.

ಈ ವಿದ್ಯೆಗೆ ಒಂದು ಜಾತಿ, ಒಂದು ಮತವಿರಲಿಲ್ಲ. ಆದರೆ ವಾಹನ ದುರಸ್ತಿಯ ಕೆಲಸದಲ್ಲಿ ಮುಸ್ಲಿಮರ ಪಾಲು ದೊಡ್ಡದೆಂಬುದನ್ನು 2006ರ ಸಾಚಾರ್ ಸಮಿತಿಯ ವರದಿಯೂ ಗುರುತಿಸಿತು. ಓದಿಗೆ ದಾರಿ ಸಿಗದ ಹುಡುಗರಿಗೆ ಗ್ಯಾರೇಜೇ ಮದರಸ, ಗ್ಯಾರೇಜೇ ಪಾಲಿಟೆಕ್ನಿಕ್. ಅದನ್ನು ಹೆಮ್ಮೆಯೆಂದೂ ಹೇಳಬಹುದು, ನೋವೆಂದೂ ಹೇಳಬಹುದು.

ದಾಖಲೆ ಏನೂ ಉಳಿದಿಲ್ಲವೇ? ಉಳಿದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಜಿನ್ ಬದಲಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು, ಹೊಸ ಇಂಜಿನ್ ನಂಬರು ಆರ್.ಸಿ. ಪುಸ್ತಕ ಸೇರಬೇಕು. ಅಲ್ಲಿ ಮಾಲೀಕನ ಹೆಸರಿದೆ, ನಂಬರಿದೆ. ಬ್ರಾಕೆಟ್ ಮಾಡಿದವನ ಹೆಸರಿಗೆ ಕಾಲಮ್ಮಿಲ್ಲ.

2020ರ ಏಪ್ರಿಲ್‌ನಿಂದ ಬಿಎಸ್-6 ಇಂಜಿನ್ನುಗಳು ಬಂದವು. ಅವುಗಳ ಮಿದುಳು ಕಂಪ್ಯೂಟರು. ಬರಿಯ ಬ್ರಾಕೆಟ್ಟಿನಿಂದ ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಲಾಗದು. 2021ರಲ್ಲಿ ಕೇಂದ್ರ ಸರಕಾರ ಗುಜರಿ ನೀತಿ ಪ್ರಕಟಿಸಿತು. ಹೊಗೆಯುಗುಳುವ ಲಾರಿ ಹೋಗಬೇಕಾದದ್ದೇ, ಅದಕ್ಕೆ ನಾವು ಅಳುವುದಿಲ್ಲ. ಆದರೆ ಲಾರಿಯೊಡನೆ ಆ ಬ್ರಾಕೆಟ್ಟೂ, ಅದನ್ನು ಮಾಡಿದ ಅರಿವೂ ಗುಜರಿಗೆ ಸೇರುತ್ತಿದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ಕಲ್ಲಿಗೆ ಕೊಟ್ಟ ಗೌರವದಲ್ಲಿ ಒಂದು ಪಾಲನ್ನು ಕಬ್ಬಿಣಕ್ಕೂ ಕೊಡೋಣ. ನಮ್ಮ ಮನೆಗಳಲ್ಲಿ, ಓಣಿಗಳಲ್ಲಿ ಇಂಥ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ಕಿವಿ ಮಂದವಾಗಿರಬಹುದು, ಬೆರಳುಗಳಿಗೆ ಇನ್ನೂ ಅಳತೆ ನೆನಪಿದೆ. ಅವರ ಬಳಿ ಕೂತು ಬರೆದುಕೊಳ್ಳೋಣ. ದಾಸೋಜ ತನ್ನ ಹೆಸರನ್ನು ತಾನೇ ಕೆತ್ತಿಕೊಂಡ. ಇವರ ಹೆಸರನ್ನು ನಾವೇ ಬರೆಯಬೇಕಾಗಿದೆ.