ಆಲ್ಬಂಗಿಂತ ಮೊದಲೇ ಊರು ಸುತ್ತಿದ ಹಾಡು

1987ರ ಜುಲೈ ತಿಂಗಳಲ್ಲಿ ಅಮೆರಿಕದ 'ಗ್ರೇಟ್‌ಫುಲ್ ಡೆಡ್' ಎಂಬ ರಾಕ್ ತಂಡ 'ಇನ್ ದ ಡಾರ್ಕ್' ಎಂಬ ಹೊಸ ಆಲ್ಬಂ ಹೊರತಂದಿತು. 1980ರ ನಂತರ ಆ ತಂಡದಿಂದ ಬಂದ ಮೊದಲ ಸ್ಟುಡಿಯೋ ಆಲ್ಬಂ ಅದು. ಇಂಥ ಸಂದರ್ಭದಲ್ಲಿ ಅಭಿಮಾನಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ 'ಹಾಡುಗಳು ಹೇಗಿವೆ?' ಎಂಬುದು. ಆದರೆ ಈ ತಂಡದ ಹಳೆಯ ಅಭಿಮಾನಿಗಳಿಗೆ ಆ ಕುತೂಹಲವೇ ಇರಲಿಲ್ಲ. ಆಲ್ಬಂನ ಮೊದಲ ಹಾಡು 'ಟಚ್ ಆಫ್ ಗ್ರೇ' ಅವರಿಗೆ ಎಂದೋ ಬಾಯಿಪಾಠವಾಗಿತ್ತು. 1982ರ ಸೆಪ್ಟೆಂಬರ್‌ನಲ್ಲೇ ತಂಡ ಅದನ್ನು ವೇದಿಕೆಯ ಮೇಲೆ ಹಾಡಿತ್ತು. ಅಭಿಮಾನಿಗಳು ಧ್ವನಿಮುದ್ರಿಸಿಕೊಂಡ ಕ್ಯಾಸೆಟ್‌ಗಳ ಮೂಲಕ ಹಾಡು ಐದು ವರ್ಷ ಊರೂರು ಸುತ್ತಿತ್ತು. ಹಾಗಾಗಿ ಅವರ ನಡುವೆ ನಡೆದ ಚರ್ಚೆಯೇ ಬೇರೆ: ವೇದಿಕೆಯಲ್ಲಿ ಕೇಳಿದ ಹಾಡಿನ ಜೀವ ಆಲ್ಬಂನಲ್ಲಿ ಉಳಿದಿದೆಯೇ?

ಈ ಪ್ರಶ್ನೆ ಹುಟ್ಟಿದ್ದಕ್ಕೆ ತಂಡದ ಸ್ವಭಾವವೇ ಕಾರಣ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರ್ರಿ ಗಾರ್ಸಿಯಾ, ಬಾಬ್ ವೀರ್, ಫಿಲ್ ಲೆಶ್ ಮೊದಲಾದವರು ಕೂಡಿ ಕಟ್ಟಿದ ತಂಡವಿದು. ಜನಪದ, ಬ್ಲೂಸ್, ಜಾಝ್ ಎಲ್ಲವೂ ಅವರ ಸಂಗೀತದಲ್ಲಿ ಬೆರೆತಿದ್ದವು. ಹಾಡುಗಳ ಪಟ್ಟಿ ದಿನಕ್ಕೊಂದು ಬಗೆ. ಒಂದೇ ಹಾಡು ಇಂದು ಎಂಟು ನಿಮಿಷವಾದರೆ ನಾಳೆ ಇಪ್ಪತ್ತು ನಿಮಿಷ. ಒಂದೇ ರಾಗವನ್ನು ಗಾಯಕ ಪ್ರತಿಸಲವೂ ಬೇರೆ ರೀತಿ ವಿಸ್ತರಿಸುವುದನ್ನು ಬಲ್ಲ ನಮ್ಮ ರಸಿಕರಿಗೆ ಇದರ ಆಕರ್ಷಣೆ ಬೇಗ ಅರ್ಥವಾದೀತು. ತಂಡದ ತಾಳವಾದ್ಯಗಾರ ಮಿಕ್ಕಿ ಹಾರ್ಟ್ ತಬಲಾ ವಿದ್ವಾಂಸ ಅಲ್ಲಾ ರಖಾ ಅವರಿಂದ ಕಲಿತವರು ಎಂಬುದೂ ಇಲ್ಲಿ ಗಮನಾರ್ಹ.

ಮೂವತ್ತು ವರ್ಷಗಳಲ್ಲಿ ತಂಡ 2,300ಕ್ಕೂ ಹೆಚ್ಚು ಕಾರ್ಯಕ್ರಮ ನೀಡಿತು. ಇವಕ್ಕೆ ಹೋಲಿಸಿದರೆ ಸ್ಟುಡಿಯೋ ಆಲ್ಬಂಗಳು ಸಪ್ಪೆ ಎಂಬ ದೂರು ಅಭಿಮಾನಿಗಳಲ್ಲಿ ಮೊದಲಿನಿಂದಲೂ ಇತ್ತು. 1977ರ 'ಟೆರಾಪಿನ್ ಸ್ಟೇಷನ್' ಆಲ್ಬಂನಲ್ಲಿ ತಂತಿವಾದ್ಯಗಳ ಮೇಳ ಮತ್ತು ಸಮೂಹಗಾನ ಸೇರಿಸಿದ್ದನ್ನು ಅನೇಕರು ಒಪ್ಪಲಿಲ್ಲ. ಈ ದೂರು ತಂಡಕ್ಕೂ ಗೊತ್ತಿತ್ತು. 1987ರ ಆಲ್ಬಂಗಾಗಿ ಅವರು ಸ್ಯಾನ್ ರಫಾಯೆಲ್ ಪಟ್ಟಣದ ಸಭಾಂಗಣವೊಂದರ ವೇದಿಕೆಯನ್ನೇರಿ, ಖಾಲಿ ಕುರ್ಚಿಗಳ ಮುಂದೆ ಎಲ್ಲರೂ ಒಟ್ಟಿಗೆ ನುಡಿಸಿ ಧ್ವನಿಮುದ್ರಿಸಿದರು.

ಕ್ಯಾಸೆಟ್ ವಿನಿಮಯ

ಚದುರಿದ ಕೇಳುಗರು ಒಂದು ಸಮುದಾಯವಾಗಲು ತಂಡವೇ ದಾರಿ ಮಾಡಿಕೊಟ್ಟಿತು. 1971ರ ಆಲ್ಬಂ ಒಂದರ ಹೊದಿಕೆಯ ಒಳಗೆ, ಅಭಿಮಾನಿಗಳು ತಮ್ಮ ಹೆಸರು, ವಿಳಾಸ ಬರೆದು ಕಳುಹಿಸಬೇಕೆಂಬ ಕೋರಿಕೆ ಅಚ್ಚಾಗಿತ್ತು. ಓಗೊಟ್ಟವರಿಗೆ ಸುದ್ದಿಪತ್ರ ಅಂಚೆಯಲ್ಲಿ ಬರತೊಡಗಿತು. 'ಡೆಡ್‌ಹೆಡ್‌ಗಳು' ಎಂದೇ ಈ ಅಭಿಮಾನಿಗಳು ಹೆಸರಾದರು. 1974ರಲ್ಲಿ ಕ್ಯಾಸೆಟ್ ಸಂಗ್ರಾಹಕರಿಗಾಗಿ 'ಡೆಡ್ ರೆಲಿಕ್ಸ್' ಎಂಬ ಪತ್ರಿಕೆ ಆರಂಭವಾಯಿತು. ಯಾವ ದಿನ, ಯಾವ ಊರಿನಲ್ಲಿ ಯಾವ ಹಾಡು ಹಾಡಿದರು ಎಂಬ ವಿವರಗಳ 'ಡೆಡ್‌ಬೇಸ್' ಎಂಬ ಗ್ರಂಥ 1987ರಲ್ಲಿ ಹೊರಬಂತು.

ಕಾರ್ಯಕ್ರಮಗಳಲ್ಲಿ ಧ್ವನಿಮುದ್ರಣ ಮಾಡುವುದನ್ನು ಆ ಕಾಲದ ಹೆಚ್ಚಿನ ತಂಡಗಳು ಕಳ್ಳತನವೆಂದೇ ಬಗೆಯುತ್ತಿದ್ದವು. ಗ್ರೇಟ್‌ಫುಲ್ ಡೆಡ್ ಕಂಡೂ ಕಾಣದಂತೆ ಇತ್ತು. ತಾವು ನುಡಿಸಿ ಮುಗಿಸಿದ ಸಂಗೀತ ಕೇಳುಗರಿಗೆ ಸೇರಿದ್ದು ಎಂಬುದು ಗಾರ್ಸಿಯಾರ ನಿಲುವಾಗಿತ್ತು. ಆದರೆ ಮೈಕ್ರೊಫೋನ್ ಕಂಬಗಳು ಕಾಡಿನಂತೆ ಬೆಳೆದು ಹಿಂದಿದ್ದವರಿಗೆ ವೇದಿಕೆಯೇ ಕಾಣದಂತಾಯಿತು. 1984ರ ಅಕ್ಟೋಬರ್‌ನಲ್ಲಿ, ಬರ್ಕ್‌ಲಿ ನಗರದ ಕಾರ್ಯಕ್ರಮಗಳಲ್ಲಿ, ಧ್ವನಿಮುದ್ರಿಸುವವರಿಗೆಂದೇ ಪ್ರತ್ಯೇಕ ಜಾಗ ಕೊಡಲಾಯಿತು. ಷರತ್ತು ಒಂದೇ: ಮಾರಾಟ ಕೂಡದು. ಖಾಲಿ ಕ್ಯಾಸೆಟ್ ಮತ್ತು ಮರು ಅಂಚೆ ವೆಚ್ಚ ಕಳುಹಿಸಿದರೆ ಅಪರಿಚಿತರೂ ಪ್ರತಿ ಮಾಡಿಕೊಡುತ್ತಿದ್ದರು. ಪ್ರತಿಯಿಂದ ಪ್ರತಿಗೆ ಸದ್ದು ಮಸುಕಾಗುತ್ತಿದ್ದರೂ ಬೇಡಿಕೆ ಕುಗ್ಗಲಿಲ್ಲ.

ಯಾವುದು ಶ್ರೇಷ್ಠ?

ಯಾವ ದಿನದ ಕಾರ್ಯಕ್ರಮ ಶ್ರೇಷ್ಠ ಎಂಬ ವಾದ ಇವರ ನಡುವೆ ಇಂದಿಗೂ ಮುಗಿದಿಲ್ಲ. 1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮಕ್ಕೆ ಹಲವರ ಮತ. ಅದನ್ನು ಅಚ್ಚುಕಟ್ಟಾಗಿ ಧ್ವನಿಮುದ್ರಿಸಿದ್ದವರು ತಂಡದ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್ ಜಾಕ್ಸನ್. ಮುಂದೆ ಅವರ ಸುರುಳಿಗಳಿದ್ದ ದಾಸ್ತಾನು ಕೋಣೆಯ ಬಾಡಿಗೆ ಬಾಕಿಯಾಗಿ, 1986ರಲ್ಲಿ ಅಲ್ಲಿದ್ದುದೆಲ್ಲ ಹರಾಜಾಯಿತು. ಆ ಸುರುಳಿಗಳ ಪ್ರತಿಗಳು ಅಭಿಮಾನಿಗಳ ಕೈಸೇರಿದವು. ಸದ್ದು ಶುದ್ಧವಾಗಿದ್ದರಿಂದ ಬಾರ್ಟನ್ ಹಾಲ್ ಕ್ಯಾಸೆಟ್ ಮನೆಮಾತಾಯಿತು. ಎಲ್ಲರಿಗೂ ಸಿಕ್ಕಿದ್ದರಿಂದಲೇ ಅದು ಶ್ರೇಷ್ಠ ಎನಿಸಿಕೊಂಡಿತು, ಅದಕ್ಕಿಂತ ಮಿಗಿಲಾದವು ಬೇರೆ ಇವೆ ಎಂದು ವಾದಿಸುವವರೂ ಇದ್ದಾರೆ. ಉಳಿದುಬಂದದ್ದೇ ಉತ್ತಮವಾದದ್ದು ಎಂದು ನಂಬುವುದು ಎಷ್ಟು ಸರಿ ಎಂಬ ಪ್ರಶ್ನೆ ಇತಿಹಾಸಕಾರರನ್ನೂ ಕಾಡುವಂಥದ್ದು. ಏನೇ ಇರಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ಈ ಧ್ವನಿಮುದ್ರಣವನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ತಂಡದ ಕಡೆಯಿಂದ ಅಧಿಕೃತವಾಗಿ ಅದು ಬಿಡುಗಡೆಯಾದದ್ದು 2017ರಲ್ಲಿ, ನಲವತ್ತು ವರ್ಷಗಳ ನಂತರ.

ಯಶಸ್ಸಿನ ಬೆಲೆ

1987ರ ಆಲ್ಬಂಗೆ ಹಿಂತಿರುಗುವುದಾದರೆ, 'ಟಚ್ ಆಫ್ ಗ್ರೇ' ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 9ನೇ ಸ್ಥಾನಕ್ಕೇರಿತು. ಮೊದಲ ಹತ್ತರಲ್ಲಿ ಬಂದ ತಂಡದ ಏಕೈಕ ಹಾಡು ಅದು. ದೂರದರ್ಶನದಲ್ಲಿ ಹಾಡು ನೋಡಿದ ಹೊಸಬರು ಕ್ರೀಡಾಂಗಣಗಳಿಗೆ ನುಗ್ಗಿದರು. ಹಳಬರು ಅವರನ್ನು 'ಟಚ್‌ಹೆಡ್'ಗಳೆಂದು ಹಂಗಿಸಿದರು. ಟಿಕೆಟ್ ಇಲ್ಲದವರ ಜಾತ್ರೆ ಹೊರಗಿನ ಮೈದಾನಗಳಲ್ಲಿ ನೆರೆಯತೊಡಗಿತು. ಟಿಕೆಟ್ ಇಲ್ಲದೆ ಬರಬೇಡಿ ಎಂದು ತಂಡ ಮಾಡಿಕೊಂಡ ಮನವಿ ಫಲಿಸಲಿಲ್ಲ. 1995ರ ಜುಲೈ 2ರಂದು ಇಂಡಿಯಾನಾ ರಾಜ್ಯದ ಡೀರ್ ಕ್ರೀಕ್‌ನಲ್ಲಿ ಗುಂಪು ಬೇಲಿ ಮುರಿದು ಒಳನುಗ್ಗಿತು. ಮರುದಿನದ ಕಾರ್ಯಕ್ರಮ ರದ್ದಾಯಿತು. ಜುಲೈ 9ರಂದು ಷಿಕಾಗೊದಲ್ಲಿ ನಡೆದದ್ದೇ ಕೊನೆಯ ಕಾರ್ಯಕ್ರಮ. ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡರು. ಆ ವರ್ಷಾಂತ್ಯಕ್ಕೆ ಉಳಿದವರು ಗ್ರೇಟ್‌ಫುಲ್ ಡೆಡ್ ಹೆಸರಿಗೆ ವಿದಾಯ ಹೇಳಿದರು.

ತಂಡ ಮುಗಿದರೂ ಚರ್ಚೆ ಮುಗಿಯಲಿಲ್ಲ. 2005ರಲ್ಲಿ ಇಂಟರ್ನೆಟ್ ಆರ್ಕೈವ್‌ನಿಂದ ಉಚಿತವಾಗಿ ಇಳಿಸಿಕೊಳ್ಳಲು ಸಿಗುತ್ತಿದ್ದ ಧ್ವನಿಮುದ್ರಣಗಳನ್ನು ಹಿಂತೆಗೆದಾಗ ಅಭಿಮಾನಿಗಳು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಕೇಳುಗರೇ ಮಾಡಿದ ಧ್ವನಿಮುದ್ರಣಗಳನ್ನು ಇಳಿಸಿಕೊಳ್ಳಬಹುದು, ತಂಡದ ಧ್ವನಿಯಂತ್ರದಿಂದ ನೇರ ತೆಗೆದವುಗಳನ್ನು ಕೇಳಬಹುದಷ್ಟೇ ಎಂದು ತೀರ್ಮಾನವಾಯಿತು.

ಹಾಡು ಹಾಡಿದವರದೋ, ಅದನ್ನು ಕಾಪಾಡಿದವರದೋ? ಕಾನೂನಿನ ಉತ್ತರ ಸ್ಪಷ್ಟವಿದೆ. ಆದರೆ ತಂಡದ ಬಹುಪಾಲು ಕಾರ್ಯಕ್ರಮಗಳನ್ನು ಇಂದು ಕೂತಲ್ಲೇ ಕೇಳಲು ಸಾಧ್ಯವಾಗಿರುವುದರಲ್ಲಿ, ಮೈಕ್ರೊಫೋನ್ ಹಿಡಿದು ರಾತ್ರಿಯಿಡೀ ನಿಂತವರ ಪಾಲೂ ಸಣ್ಣದಲ್ಲ.