ಮೆಕ್‌ಗ್ರೆಗರ್

ಸ್ಕಾಟ್ಲೆಂಡಿನ ಪಶ್ಚಿಮ ಮಲೆನಾಡಿನ ಪ್ರಾಚೀನ ಕುಲನಾಮ. ಗೇಲಿಕ್ ಭಾಷೆಯಲ್ಲಿ ಗ್ರೆಗರನ ಮಗನೆಂಬ ಅರ್ಥವುಳ್ಳ ಈ ಹೆಸರನ್ನು ಧರಿಸಿದವರು ತಮ್ಮನ್ನು ಆಲ್ಪಿನ್ ರಾಜವಂಶದ ಸಂತತಿಯೆಂದು ಹೇಳಿಕೊಳ್ಳುವ ಪರಂಪರೆಯಿದ್ದರೂ, ಇತಿಹಾಸಕ್ಕೆ ನಿಲುಕುವ ಮೂಲಪುರುಷನು ಹದಿನಾಲ್ಕನೆಯ ಶತಮಾನದಲ್ಲಿ ಗ್ಲೆನ್ ಆರ್ಕಿ ಕಣಿವೆಯಲ್ಲಿ ನೆಲೆಸಿದ್ದ ಗ್ರೆಗರನೇ. ನೆರೆಯ ಕ್ಯಾಂಪ್‌ಬೆಲ್ ಕುಲದ ಪ್ರಾಬಲ್ಯವು ವರ್ಧಿಸಿದಂತೆಲ್ಲ ಪಿತ್ರಾರ್ಜಿತ ಭೂಮಿಯನ್ನು ಕಳೆದುಕೊಂಡು, ಕಾಡುಮೇಡುಗಳನ್ನಾಶ್ರಯಿಸಿ, ಗೋಗ್ರಹಣದಿಂದ ಜೀವಿಸುವ ದುರ್ಗತಿ ಇವರಿಗೊದಗಿತು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಎಂಬಲ್ಲಿ ಕಹೂನ್ ಕುಲದವರನ್ನು ಇವರು ಬಹುಸಂಖ್ಯೆಯಲ್ಲಿ ವಧಿಸಲಾಗಿ, ಅದೇ ಏಪ್ರಿಲ್‌ನಲ್ಲಿ ದೊರೆ ಆರನೆಯ ಜೇಮ್ಸನ ಆಸ್ಥಾನಸಭೆಯು ಆ ಹೆಸರನ್ನೇ ರದ್ದುಪಡಿಸಿ, ಅದನ್ನು ಧರಿಸುವವರಿಗೆ ಮರಣದಂಡನೆಯನ್ನು ವಿಧಿಸಿತು. ಕುಲನಾಯಕ ಅಲಾಸ್ಟರನು ಮರುವರ್ಷ ಎಡಿನ್‌ಬರೋ ನಗರದಲ್ಲಿ ಗಲ್ಲಿಗೇರಿದನು. 1613ರ ಶಾಸನದಂತೆ ಆ ಕುಲದ ನಾಲ್ವರಿಗಿಂತ ಹೆಚ್ಚು ಮಂದಿ ಒಟ್ಟುಗೂಡುವಂತಿರಲಿಲ್ಲ. ಊಟದ ಮಾಂಸವನ್ನು ಕೊಯ್ಯಲು ಮೊನೆಯಿಲ್ಲದ ಚೂರಿಯೊಂದರ ಹೊರತು ಬೇರೆ ಆಯುಧವನ್ನಿರಿಸಿಕೊಳ್ಳುವಂತೆಯೂ ಇರಲಿಲ್ಲ. ಕೆಲವರ ಅಪರಾಧಕ್ಕಾಗಿ ಹಸುಳೆಗಳಿಂದಲೂ ಹೆಸರನ್ನು ಕಸಿದುಕೊಂಡ ಈ ಶಿಕ್ಷೆ ಘೋರವಾದುದೆಂದೇ ಹೇಳಬೇಕು. ಹೀಗೆ ಅನಾಮಕರಾದವರು ಮರ್ರೆ, ಗ್ರಾಂಟ್, ಸ್ಟೂವರ್ಟ್, ಡ್ರಮಂಡ್ ಮುಂತಾದ ಅನ್ಯನಾಮಗಳಲ್ಲಿ ಅಡಗಿಕೊಂಡರು. 1661ರಲ್ಲಿ ನಿಷೇಧವು ತೆರವಾದರೂ 1693ರಲ್ಲಿ ಪುನಃ ಜಾರಿಗೆ ಬಂದುದರಿಂದ, ವಾಲ್ಟರ್ ಸ್ಕಾಟನ ಕಾದಂಬರಿಯ ಮೂಲಕ ಲೋಕವಿಖ್ಯಾತನಾದ ರಾಬ್ ರಾಯ್ (1671–1734) ಸಹ ತಾಯಿಯ ತವರಿನ ಕ್ಯಾಂಪ್‌ಬೆಲ್ ನಾಮವನ್ನು ಧರಿಸಬೇಕಾಯಿತು.

1774ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನಿಷೇಧವನ್ನು ಶಾಶ್ವತವಾಗಿ ತೊಡೆದುಹಾಕಿತು. ಮರ್ರೆ ಎಂದೇ ಕರೆಯಿಸಿಕೊಳ್ಳುತ್ತಿದ್ದ ಕುಲಾಧಿಪತಿಯ ಮನೆತನವು 1822ರಲ್ಲಿ ರಾಜಾನುಮತಿಯನ್ನು ಪಡೆದು ಪೂರ್ವನಾಮವನ್ನು ಮರಳಿ ಸ್ವೀಕರಿಸಿತು.